ಮನೆಯೇ ಕಣಜ: ವಯಸ್ಸಾದವರಿಗೆ ಹಿಮ್ಮುಖ ಅಡಮಾನ ಸಾಲ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ತಿಳಿವಳಿಕೆ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



 ನಾವು ಗಂಡ-ಹೆಂಡತಿ ಇಬ್ಬರೂ ಈ ಊರಿನ ಋಣದವರು. ಒಬ್ಬರು ಬ್ಯಾಂಕಿನಲ್ಲಿ ಗುಮಾಸ್ತರಾಗಿ, ಇನ್ನೊಬ್ಬರು ಖಾಸಗಿ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ದುಡಿದು ನಿವೃತ್ತರಾದೆವು. ಇವತ್ತಿನ ಮಾತುಗಳನ್ನು ಇಬ್ಬರೂ ಕೂತು ಬರೆದುಕೊಂಡು ಬಂದಿದ್ದೇವೆ. ಹಾಗಾಗಿ ವೇದಿಕೆಯ ಮೇಲೆ ನಿಂತವರು ಒಬ್ಬರೇ ಆದರೂ 'ನಾವು' ಅಂತಲೇ ಹೇಳುತ್ತೇವೆ, ತಪ್ಪು ತಿಳಿಯಬಾರದು.

1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಸಂಗತಿ ತಮಗೆಲ್ಲ ಗೊತ್ತಿದೆ. ರೈತನಾದವನು ಲೇವಾದೇವಿಯವರ ಬಾಗಿಲಲ್ಲಿ ಕೈಕಟ್ಟಿ ನಿಲ್ಲದೆ, ಮಾನವಾಗಿ ಸಾಲ ಪಡೆಯುವುದು ಹೇಗೆ ಎಂಬುದೇ ಆ ಚಳವಳಿಯ ಮೂಲ ಪ್ರಶ್ನೆ. ಇವತ್ತು ನಾವು ತೆಗೆದುಕೊಂಡಿರುವ ಪ್ರಶ್ನೆಯೂ ಅದರ ಹತ್ತಿರದ್ದೇ. ದುಡಿಯುವ ಶಕ್ತಿ ಹೋದ ಮೇಲೆ, ಮಾತ್ರೆಗೆ, ಬಸ್ ಚಾರ್ಜಿಗೆ, ಮೊಮ್ಮಗುವಿನ ಕೈಗೆ ಇಡುವ ಹತ್ತು ರೂಪಾಯಿಗೆ ಇನ್ನೊಬ್ಬರ ಮುಖ ನೋಡದೆ, ಮಾನವಾಗಿ ಬದುಕುವುದು ಹೇಗೆ?

ನಮ್ಮಲ್ಲಿ ಎಷ್ಟೋ ಹಿರಿಯರು ಆಸ್ತಿಯಲ್ಲಿ ಲಕ್ಷಾಧೀಶರು, ಜೇಬಿನಲ್ಲಿ ಬಡವರು. ಪೇಟೆಯಲ್ಲಿ ಮೂವತ್ತು ನಲವತ್ತು ಲಕ್ಷ ಬೆಲೆಬಾಳುವ ಮನೆ ಇರುತ್ತದೆ. ಆದರೆ ಬಿ.ಪಿ. ಮಾತ್ರೆ ಮುಗಿದರೆ ಮಗ ಬರುವ ಭಾನುವಾರದವರೆಗೆ ಕಾಯುತ್ತಾರೆ. ಮನೆ ಮಾರಿದರೆ ತಲೆ ಮೇಲೆ ಸೂರಿಲ್ಲ, ಮಾರದಿದ್ದರೆ ಕೈಯಲ್ಲಿ ಕಾಸಿಲ್ಲ. ಈ ಇಕ್ಕಟ್ಟಿಗೆ ಇರುವ ದಾರಿಗಳಲ್ಲಿ ಒಂದು, ಇಂಗ್ಲಿಷಿನಲ್ಲಿ ರಿವರ್ಸ್ ಮಾರ್ಟ್‌ಗೇಜ್ ಎನ್ನುವ ಸಾಲ. ಕನ್ನಡದಲ್ಲಿ ಹಿಮ್ಮುಖ ಅಡಮಾನ ಎನ್ನಬಹುದು. ಇದು ಎಲ್ಲರಿಗೂ ಒಗ್ಗುವ ಔಷಧಿ ಅಂತ ನಾವು ಹೇಳುವುದಿಲ್ಲ. ಆದರೆ ಇಂಥದ್ದೊಂದು ಇದೆ ಅಂತಲೇ ತಿಳಿಯದೆ ಮನೆಯನ್ನು ಆತುರದಲ್ಲಿ ಬರೆದುಕೊಟ್ಟು ಕಷ್ಟಪಟ್ಟವರನ್ನು ನೋಡಿದ್ದೇವೆ. ಅದಕ್ಕಾಗಿ ಈ ವಿಷಯ.

ಹೆಸರಿನ ಅರ್ಥವೇನು?

ನಮ್ಮ ಕಡೆ ಆಸ್ತಿಯ ಮೇಲೆ ಸಾಲ ಎತ್ತುವ ಎರಡು ಪದ್ಧತಿ ತಮಗೆ ಪರಿಚಯ. ಒಂದು ಭೋಗ್ಯ. ಜಮೀನನ್ನೋ ಮನೆಯನ್ನೋ ಸಾಲ ಕೊಟ್ಟವನ ವಶಕ್ಕೆ ಬಿಡುವುದು, ಬಡ್ಡಿಯ ಬದಲು ಅವನು ಅದನ್ನು ಅನುಭವಿಸುವುದು. ಇನ್ನೊಂದು ಆಧಾರ. ಆಸ್ತಿ ನಮ್ಮ ವಶದಲ್ಲೇ ಇರುತ್ತದೆ, ಪತ್ರ ಮಾತ್ರ ಅವರ ಬಳಿ ಇರುತ್ತದೆ, ನಾವು ಕಂತು ಕಟ್ಟುತ್ತಾ ಹೋಗುತ್ತೇವೆ.

ಹಿಮ್ಮುಖ ಅಡಮಾನ ಈ ಆಧಾರದ ಜಾತಿಗೆ ಸೇರಿದ್ದು. ಮನೆ ನಮ್ಮದೇ, ವಾಸ ನಮ್ಮದೇ, ಖಾತೆಯೂ ನಮ್ಮ ಹೆಸರಲ್ಲೇ. ಆದರೆ ಹಣ ಹರಿಯುವ ದಿಕ್ಕು ಮಾತ್ರ ತಿರುಗುಮುರುಗು. ಮಾಮೂಲಿ ಗೃಹಸಾಲದಲ್ಲಿ ಬ್ಯಾಂಕು ದೊಡ್ಡ ಗಂಟನ್ನು ಒಂದೇ ಸಲ ಕೊಡುತ್ತದೆ, ನಾವು ತಿಂಗಳು ತಿಂಗಳು ಕಟ್ಟುತ್ತೇವೆ, ಸಾಲ ಕರಗುತ್ತಾ ಬರುತ್ತದೆ. ಇಲ್ಲಿ ಬ್ಯಾಂಕೇ ನಮಗೆ ತಿಂಗಳು ತಿಂಗಳು ಕೊಡುತ್ತದೆ, ನಾವು ಬದುಕಿರುವ ತನಕ ಕಟ್ಟಬೇಕಿಲ್ಲ, ಸಾಲ ಬೆಳೆಯುತ್ತಾ ಹೋಗುತ್ತದೆ. ನಮ್ಮ ಕಾಲಾನಂತರ ಆ ಮನೆಯಿಂದಲೇ ಸಾಲ ತೀರುತ್ತದೆ.

ಕೆಲವರು ಇದನ್ನು ಹಾಲು ಕರೆಯುವ ಹಸುವಿಗೆ ಹೋಲಿಸುತ್ತಾರೆ. ನಾವು ಒಪ್ಪುವುದಿಲ್ಲ. ಹಸು ಹಾಲು ಕೊಟ್ಟರೂ ಹಸುವಾಗಿಯೇ ಉಳಿಯುತ್ತದೆ. ಇದು ಕಣಜದ ಲೆಕ್ಕ. ದಿನಾ ಒಂದು ಸೇರು ತೆಗೆದು ಉಂಡರೆ ಕಣಜ ಅಷ್ಟು ಇಳಿಯುತ್ತದೆ. ತುಂಬಿದ್ದು ನಾವೇ, ಉಣ್ಣುವುದು ತಪ್ಪಲ್ಲ. ಆದರೆ ಇಳಿಯುತ್ತದೆ ಅನ್ನುವುದನ್ನು ಮರೆಯಬಾರದು.

ಇದು ಬಂದದ್ದು ಎಲ್ಲಿಂದ?

ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲೆಂಡ್ ಎಂಬ ಊರಿನಲ್ಲಿ 1961ರಲ್ಲಿ ಒಬ್ಬ ವಿಧವೆ ತಮ್ಮ ಮನೆಯಲ್ಲೇ ಇರಲು ಅನುಕೂಲವಾಗಲೆಂದು ಒಂದು ಉಳಿತಾಯ ಸಂಸ್ಥೆ ಇಂಥ ಸಾಲ ಕೊಟ್ಟದ್ದೇ ಮೊದಲು ಎನ್ನುತ್ತಾರೆ. ಅಲ್ಲಿನ ಸರ್ಕಾರ 1988ರ ಕಾನೂನಿನಿಂದ ಇದಕ್ಕೆ ವಿಮೆಯ ಬೆಂಬಲ ಕೊಟ್ಟಿತು. ಅಲ್ಲಿ 62 ವರ್ಷ ಆಗಿರಬೇಕು, ಸಾಲಕ್ಕೆ ಮೊದಲು ತಿಳಿದವರಿಂದ ಸಲಹೆ ಪಡೆಯುವುದು ಕಡ್ಡಾಯ.

ನಮ್ಮ ದೇಶದಲ್ಲಿ 2007-08ರ ಕೇಂದ್ರ ಮುಂಗಡಪತ್ರದಲ್ಲಿ ಅರ್ಥಸಚಿವ ಪಿ. ಚಿದಂಬರಂ ಅವರು ಇದನ್ನು ಪ್ರಕಟಿಸಿದರು. ಅದೇ ವರ್ಷ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಎಂಬ ಸಂಸ್ಥೆ ಇದರ ಮಾರ್ಗಸೂಚಿ ಹೊರಡಿಸಿತು. 2008ರಲ್ಲಿ ಆದಾಯ ತೆರಿಗೆಯ ಬಗ್ಗೆಯೂ ಸ್ಪಷ್ಟವಾಯಿತು. ಅಧಿಸೂಚಿತ ಯೋಜನೆಯಲ್ಲಿ ಬರುವ ಹಣ ಸಾಲವೇ ಹೊರತು ಆದಾಯವಲ್ಲ, ಆದ್ದರಿಂದ ಅದಕ್ಕೆ ಆದಾಯ ತೆರಿಗೆ ಇಲ್ಲ. ಅಡಮಾನ ಮಾಡಿದ ಮಾತ್ರಕ್ಕೆ ಮನೆ ಮಾರಿದಂತೆಯೂ ಅಲ್ಲ.

ಯಾರಿಗೆ ಸಿಗುತ್ತದೆ?

ಮಾರ್ಗಸೂಚಿಯ ಮುಖ್ಯ ಅಂಶಗಳನ್ನು ಬಿಡಿಬಿಡಿಯಾಗಿ ಹೇಳುತ್ತೇವೆ.

1. ವಯಸ್ಸು 60 ದಾಟಿರಬೇಕು. ಗಂಡ-ಹೆಂಡತಿ ಜಂಟಿಯಾಗಿ ಪಡೆಯುವುದಾದರೆ ಒಬ್ಬರಿಗೆ 60 ದಾಟಿದ್ದು, ಇನ್ನೊಬ್ಬರಿಗೆ 55ಕ್ಕೆ ಕಡಿಮೆ ಇರಬಾರದು.

2. ಮನೆ ಸ್ವಯಾರ್ಜಿತವಾಗಿರಬೇಕು, ಅಂದರೆ ನಾವೇ ಸಂಪಾದಿಸಿದ್ದಾಗಿರಬೇಕು. ನಾವು ಖಾಯಮ್ಮಾಗಿ ಅದರಲ್ಲೇ ವಾಸವಾಗಿರಬೇಕು.

3. ಹಕ್ಕುಪತ್ರ ಚೊಕ್ಕವಾಗಿರಬೇಕು. ಬೇರೆ ಸಾಲ, ತಕರಾರು, ಕೋರ್ಟು ವ್ಯಾಜ್ಯ ಇರಬಾರದು.

4. ಕಟ್ಟಡ ಇನ್ನೂ 20 ವರ್ಷವಾದರೂ ಬಾಳಿಕೆ ಬರುವಂತಿರಬೇಕು.

5. ವಾಸದ ಮನೆಗೆ ಮಾತ್ರ. ಅಂಗಡಿ ಮಳಿಗೆ, ಹೊಲ, ಗದ್ದೆ, ತೋಟ ಇದಕ್ಕೆ ಬರುವುದಿಲ್ಲ.

ಈ ಸಾಲಕ್ಕೆ ಸಂಬಳದ ಚೀಟಿ, ಆದಾಯ ಪತ್ರ ಮುಖ್ಯವಲ್ಲ. ತೀರುವಳಿ ಮನೆಯಿಂದಲೇ ಆದ್ದರಿಂದ ಬ್ಯಾಂಕು ನೋಡುವುದು ಮೂರನ್ನು: ಮನೆಯ ಬೆಲೆ, ನಮ್ಮ ವಯಸ್ಸು, ಬಡ್ಡಿಯ ದರ. ವಯಸ್ಸು ಹೆಚ್ಚಾದಷ್ಟೂ ಮನೆಬೆಲೆಯ ಹೆಚ್ಚಿನ ಭಾಗವನ್ನು ಸಾಲವಾಗಿ ಪರಿಗಣಿಸುತ್ತಾರೆ.

ಹಣವನ್ನು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಪಡೆಯಬಹುದು. ವೈದ್ಯಕೀಯ ಖರ್ಚಿಗಾದರೆ ಒಟ್ಟು ಅರ್ಹ ಮೊತ್ತದ ಅರ್ಧದವರೆಗೆ, ಹೆಚ್ಚೆಂದರೆ 15 ಲಕ್ಷ ರೂಪಾಯಿವರೆಗೆ, ಒಂದೇ ಗಂಟಾಗಿ ಪಡೆಯಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ಈ ಹಣವನ್ನು ವ್ಯಾಪಾರಕ್ಕೆ, ಸಟ್ಟಾ ವ್ಯವಹಾರಕ್ಕೆ ಬಳಸುವಂತಿಲ್ಲ. ಮಗನ ಅಂಗಡಿಗೆ ಬಂಡವಾಳ ಹಾಕಲು ಇದು ಸಾಲವಲ್ಲ, ಸ್ವಾಮಿ. ಇದು ನಮ್ಮ ಅನ್ನ, ಔಷಧಿ, ಮನೆ ರಿಪೇರಿಗೆ.

ಬಡ್ಡಿಯ ಲೆಕ್ಕ

ಈಗ ಮುಖ್ಯವಾದ ಜಾಗಕ್ಕೆ ಬಂದೆವು. ತಿಂಗಳಿಗೆ ಇಷ್ಟು ಬರುತ್ತೆ ಅಂದ ಕೂಡಲೇ ಎಲ್ಲರ ಮುಖ ಅರಳುತ್ತದೆ. ಸಾಲ ಎಷ್ಟಾಗುತ್ತೆ ಅಂತ ಕೇಳುವವರು ಕಡಿಮೆ. ಅದಕ್ಕೇ ಒಂದು ಉದಾಹರಣೆ ಹಾಕಿದ್ದೇವೆ. ಬಡ್ಡಿ ವರ್ಷಕ್ಕೆ ನೂರಕ್ಕೆ 10 ಎಂದು ಇಟ್ಟುಕೊಂಡದ್ದು ಲೆಕ್ಕ ಸುಲಭವಾಗಲೆಂದು ಮಾತ್ರ. ತಮಗೆ ಸಿಗುವ ದರ ಬೇರೆ ಇರಬಹುದು.

ತಿಂಗಳಿಗೆ 5,000 ರೂಪಾಯಿಯಂತೆ 15 ವರ್ಷ ಪಡೆದರೆ:

5 ವರ್ಷಕ್ಕೆ ಕೈಗೆ ಬಂದದ್ದು 3 ಲಕ್ಷ. ಸಾಲ ಸುಮಾರು 3 ಲಕ್ಷ 87 ಸಾವಿರ.
10 ವರ್ಷಕ್ಕೆ ಕೈಗೆ ಬಂದದ್ದು 6 ಲಕ್ಷ. ಸಾಲ ಸುಮಾರು 10 ಲಕ್ಷ 24 ಸಾವಿರ.
15 ವರ್ಷಕ್ಕೆ ಕೈಗೆ ಬಂದದ್ದು 9 ಲಕ್ಷ. ಸಾಲ ಸುಮಾರು 20 ಲಕ್ಷ 72 ಸಾವಿರ.

ನೋಡಿದಿರಾ? ಮೊದಲ ಐದು ವರ್ಷ ಬಡ್ಡಿ ಆಮೆಯಂತೆ ನಡೆಯಿತು, ಆಮೇಲೆ ಓಡತೊಡಗಿತು. ಬಡ್ಡಿಗೆ ಬಡ್ಡಿ ಸೇರುವ ಗುಣವೇ ಅದು. ಸಂಘದಲ್ಲಿ ಠೇವಣಿ ಇಟ್ಟಾಗ ಇದೇ ಗುಣ ನಮ್ಮ ಕೈ ಹಿಡಿಯುತ್ತದೆ, ಸಾಲದಲ್ಲಿ ಇದೇ ಗುಣ ನಮ್ಮ ಆಸ್ತಿಯನ್ನು ಮೇಯುತ್ತದೆ.

ಇದರಲ್ಲಿ ಇನ್ನೊಂದು ಗುಟ್ಟಿದೆ. ಹಣ ಕೊಡುವ ಅವಧಿಗೆ ಮಿತಿ ಇರುತ್ತದೆ. ಅವಧಿ ಮುಗಿದ ಮೇಲೆ ತಿಂಗಳ ಹಣ ನಿಲ್ಲುತ್ತದೆ. ಆದರೆ ಯಾರೂ ನಮ್ಮನ್ನು ಮನೆಯಿಂದ ಎಬ್ಬಿಸುವಂತಿಲ್ಲ. ಇಬ್ಬರಲ್ಲಿ ಕೊನೆಯವರು ಇರುವ ತನಕ ಅಲ್ಲೇ ವಾಸ ಮಾಡಬಹುದು. ಹಣ ನಿಂತರೂ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಮೇಲಿನ ಲೆಕ್ಕದಲ್ಲಿ 15 ವರ್ಷಕ್ಕೆ ಹಣ ನಿಂತು, ನಾವು ಇನ್ನೂ 5 ವರ್ಷ ಬದುಕಿದರೆ ಸಾಲ ಸುಮಾರು 34 ಲಕ್ಷ ಆಗುತ್ತದೆ. ಮನೆಯ ಬೆಲೆ 40 ಲಕ್ಷ ಇದ್ದು, ಇಪ್ಪತ್ತು ವರ್ಷ ಒಂದು ರೂಪಾಯಿಯೂ ಏರದಿದ್ದರೆ ಮಕ್ಕಳಿಗೆ ಉಳಿಯುವುದು 6 ಲಕ್ಷ. ಬೆಲೆ ಏರಿದರೆ ಅಷ್ಟು ಹೆಚ್ಚು ಉಳಿಯುತ್ತದೆ. ಐದು ವರ್ಷಕ್ಕೊಮ್ಮೆಯಾದರೂ ಮನೆಯ ಬೆಲೆಯನ್ನು ಮತ್ತೆ ಕಟ್ಟಬೇಕು ಎಂದು ಮಾರ್ಗಸೂಚಿ ಹೇಳುತ್ತದೆ.

ಕಾಲಾನಂತರ ಏನಾಗುತ್ತದೆ?

ಗಂಡ-ಹೆಂಡತಿ ಇಬ್ಬರೂ ಸಾಲಗಾರರಾಗಿದ್ದರೆ ಒಬ್ಬರು ತೀರಿಕೊಂಡರೂ ಇನ್ನೊಬ್ಬರಿಗೆ ತೊಂದರೆ ಇಲ್ಲ. ಇಬ್ಬರೂ ಕಾಲವಾದ ಮೇಲೆ, ಅಥವಾ ಮನೆ ಮಾರಲು ಮನಸ್ಸು ಮಾಡಿದಾಗ, ಅಥವಾ ಮನೆ ಬಿಟ್ಟು ಖಾಯಮ್ಮಾಗಿ ಬೇರೆ ಕಡೆ ಹೋದಾಗ ಸಾಲ ತೀರುವಳಿಗೆ ಬರುತ್ತದೆ. ಸತತ ಒಂದು ವರ್ಷ ಆ ಮನೆಯಲ್ಲಿ ವಾಸವಿಲ್ಲದಿದ್ದರೆ ಖಾಯಂ ಬಿಟ್ಟಂತೆ ಲೆಕ್ಕ. ಮಗಳ ಮನೆಗೆ ಬಾಣಂತನಕ್ಕೆ ಹೋಗಿ ನಾಲ್ಕು ತಿಂಗಳು ಇದ್ದು ಬಂದರೆ ಭಯಪಡಬೇಕಿಲ್ಲ.

ಆಗ ಮೊದಲ ಅವಕಾಶ ವಾರಸುದಾರರಿಗೆ. ಮಕ್ಕಳು ಅಸಲು ಬಡ್ಡಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು. ಅವರು ಕಟ್ಟದಿದ್ದರೆ ಬ್ಯಾಂಕು ಮನೆ ಮಾರಿ, ತನ್ನ ಬಾಕಿ ಹಿಡಿದುಕೊಂಡು, ಉಳಿದದ್ದನ್ನು ವಾರಸುದಾರರಿಗೆ ಕೊಡಬೇಕು. ಮಾರಿದ ಹಣ ಸಾಲಕ್ಕೆ ಸಾಲದಿದ್ದರೆ? ಆ ನಷ್ಟ ಬ್ಯಾಂಕಿನದು. ಮಗನ ಜಮೀನಿಗಾಗಲಿ, ಮಗಳ ಒಡವೆಗಾಗಲಿ ಕೈ ಹಾಕುವಂತಿಲ್ಲ. ಇದನ್ನು ಎರಡು ಸಲ ಹೇಳುತ್ತೇವೆ, ಯಾಕಂದರೆ ಅಪ್ಪನ ಸಾಲ ನಮ್ಮ ತಲೆಗೆ ಬರುತ್ತೆ ಅಂತ ಮಕ್ಕಳು ಹೆದರುವುದು ಇಲ್ಲೇ. ಸಾಲಕ್ಕೆ ಹೊಣೆ ಆ ಮನೆ ಒಂದೇ.

ಎಡವುವ ಕಲ್ಲುಗಳು

ಒಂದು, ಒಬ್ಬರ ಹೆಸರಲ್ಲೇ ಪಡೆಯುವುದು. ಅಮೆರಿಕದಲ್ಲಿ ಎಷ್ಟೋ ಕಡೆ ಹಿರಿಯರಾದ ಗಂಡನ ಹೆಸರಲ್ಲಿ ಮಾತ್ರ ಸಾಲ ಮಾಡಿದರು, ಹೆಂಡತಿಗೆ ವಯಸ್ಸು ಕಡಿಮೆ ಎಂದು ಹೊರಗಿಟ್ಟರು. ಗಂಡ ತೀರಿಕೊಂಡ ಮೇಲೆ ಆ ಹೆಂಗಸರು ಮನೆ ಕಳೆದುಕೊಳ್ಳುವ ಸ್ಥಿತಿ ಬಂತು. ಕೋರ್ಟಿನವರೆಗೆ ಹೋಗಿ, 2014ರಲ್ಲಿ ಅಲ್ಲಿನ ನಿಯಮ ಬದಲಾಯಿತು. ನಾವು ಅವರಿಂದ ಕಲಿಯಬೇಕು. ಮನೆ ಖಾತೆ ಒಬ್ಬರ ಹೆಸರಲ್ಲಿದ್ದರೆ, ಸಾಲಕ್ಕೆ ಮೊದಲು ಇಬ್ಬರ ಸ್ಥಿತಿಯೂ ಪತ್ರದಲ್ಲಿ ಏನಾಗುತ್ತದೆ ಎಂದು ವಕೀಲರನ್ನು ಕೇಳಬೇಕು. ಯಜಮಾನರು ಸಹಿ ಹಾಕಿದರೆ ಆಯ್ತು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಎರಡು, ಸಾಲ ಆದ ಮೇಲೆ ಸುಮ್ಮನಿರುವುದು. ಮನೆ ಕಂದಾಯ ಕಟ್ಟಬೇಕು, ವಿಮೆ ಇರಬೇಕು, ಸೋರುವ ಸೂರು ಸರಿಪಡಿಸಬೇಕು. ಇವನ್ನು ಬಿಟ್ಟರೆ ಬ್ಯಾಂಕು ಸಾಲವನ್ನು ಮಧ್ಯದಲ್ಲೇ ಕೇಳಬಹುದು.

ಮೂರು, ಬ್ಯಾಂಕಿಗೆ ತಿಳಿಸದೆ ಬದಲಾವಣೆ ಮಾಡುವುದು. ಮನೆಯನ್ನೋ ಅದರ ಒಂದು ಭಾಗವನ್ನೋ ಬಾಡಿಗೆಗೆ ಬಿಡುವುದು, ಖಾತೆಗೆ ಹೊಸ ಹೆಸರು ಸೇರಿಸುವುದು, ದಾನಪತ್ರ ಮಾಡುವುದು, ಅದರ ಮೇಲೆ ಮತ್ತೊಂದು ಸಾಲ ಎತ್ತುವುದು, ಇವೆಲ್ಲ ಕರಾರು ಮುರಿದಂತೆ. ಮಹಡಿಯಲ್ಲಿ ಬಾಡಿಗೆಗೆ ಕೊಡುವಂಥ ಜಾಗವಿದ್ದರೆ, ಈ ಸಾಲಕ್ಕಿಂತ ಬಾಡಿಗೆಯೇ ವಾಸಿ ಆಗಬಹುದು. ಮೊದಲು ಅದನ್ನು ಲೆಕ್ಕ ಹಾಕಿ.

ನಾಲ್ಕು, ಖರ್ಚು ಕೇಳದಿರುವುದು. ಬೆಲೆ ಕಟ್ಟುವವರ ಶುಲ್ಕ, ವಕೀಲರ ಶುಲ್ಕ, ಪತ್ರದ ಖರ್ಚು ಯಾರ ಮೇಲೆ, ಎಷ್ಟು? ಬಡ್ಡಿ ನಿಗದಿಯೋ, ಏರಿಳಿಯುವಂಥದೋ? ಬಾಯಿಮಾತು ಬೇಡ, ಬರವಣಿಗೆಯಲ್ಲಿ ಕೊಡಿ ಅನ್ನಿ. ಸಹಿ ಮಾಡಿದ ಮೇಲೂ ಮನಸ್ಸು ಬದಲಾದರೆ 3 ಕೆಲಸದ ದಿನದೊಳಗೆ ರದ್ದು ಮಾಡಲು ಮಾರ್ಗಸೂಚಿಯಲ್ಲಿ ಅವಕಾಶವಿದೆ, ಪಡೆದ ಹಣ ಅಷ್ಟರೊಳಗೆ ಹಿಂದಿರುಗಿಸಬೇಕು. ಎಲ್ಲ ಬ್ಯಾಂಕಿನಲ್ಲೂ, ಎಲ್ಲ ಶಾಖೆಯಲ್ಲೂ ಈ ಸಾಲ ಕೊಡುವುದಿಲ್ಲ. ನಮ್ಮ ದೇಶದಲ್ಲಿ ಇದು ಅಷ್ಟಾಗಿ ಹಬ್ಬಿಲ್ಲ. ಹೋಗಿ ವಿಚಾರಿಸಬೇಕು. ಮಧ್ಯವರ್ತಿ ಮನೆಗೇ ಬಂದು 'ನಾನು ಮಾಡಿಸಿಕೊಡ್ತೀನಿ, ಇಲ್ಲಿ ಹೆಬ್ಬೆಟ್ಟು ಒತ್ತಿ' ಅಂದರೆ ಬಾಗಿಲು ಹಾಕಿಕೊಳ್ಳಿ.

ನಮ್ಮ ಮನೆಯ ಮಾತು

ಊರಿಗೆ ಉಪದೇಶ ಹೇಳುವ ಮೊದಲು ನಮ್ಮ ಮನೆಯ ಕತೆ ಹೇಳಬೇಕಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನಾವು ಎರಡನ್ನೂ ನೋಡಿದವರು. ತಾಲ್ಲೂಕು ಕೇಂದ್ರದಲ್ಲಿ ಇಪ್ಪತ್ತು ವರ್ಷ ಕಂತು ಕಟ್ಟಿ ಒಂದು ಮನೆ ಮಾಡಿಕೊಂಡೆವು. ನಮ್ಮಲ್ಲಿ ಹಿರಿಯರಿಗೆ ಈಗ 69, ಕಿರಿಯರಿಗೆ 64. ಪಿಂಚಣಿ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಠೇವಣಿ ಇದೆ, ಒಂದು ದೊಡ್ಡ ಕಾಯಿಲೆ ಬಂದರೆ ಕರಗುವಷ್ಟು.

ಎರಡು ವರ್ಷದ ಹಿಂದೆ ಮಗ ಬೆಂಗಳೂರಿನಿಂದ ಬಂದು, ಮನೆಯನ್ನು ತನ್ನ ಹೆಸರಿಗೆ ದಾನಪತ್ರ ಮಾಡಿಕೊಡಿ ಅಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. 'ಹೇಗೂ ನಮಗೇ ತಾನೆ, ಅದರ ಮೇಲೆ ಸಾಲ ಎತ್ತಿ ಅಲ್ಲೊಂದು ಫ್ಲಾಟ್ ಮಾಡ್ತೀನಿ, ನೀವೂ ಅಲ್ಲೇ ಬಂದಿರಿ' ಅಂದ. ನಮಗೂ ಮಗನ ಮೇಲೆ ಪ್ರೀತಿ ಇಲ್ಲವೇ? ಪತ್ರ ಬರೆಯುವವರ ಹತ್ತಿರ ಹೋಗಿಯೂ ಬಂದೆವು. ಆ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಕಾಗದ ಪೆನ್ನು ಹಿಡಿದು ಕೂತೆವು. ಈಗ ತಮ್ಮ ಮುಂದೆ ಹೇಳಿದ ಲೆಕ್ಕವನ್ನೇ ಅವತ್ತು ಹಾಕಿದ್ದು.

ಯುಗಾದಿಗೆ ಮಗ, ಸೊಸೆ, ಮಗಳು, ಅಳಿಯ ಎಲ್ಲರೂ ಬಂದಾಗ ಆ ಕಾಗದ ಮುಂದಿಟ್ಟೆವು. ದಾನಪತ್ರ ಮಾಡುವುದಿಲ್ಲ, ಮುಂದೆ ಅಗತ್ಯ ಬಿದ್ದರೆ ಈ ಮನೆಯ ಮೇಲೆ ಹಿಮ್ಮುಖ ಅಡಮಾನ ಮಾಡುತ್ತೇವೆ ಅಂದೆವು. ಮಗನ ಮುಖ ಸಣ್ಣದಾಯಿತು. 'ಬ್ಯಾಂಕಿಂದ ತಿಂಗಳು ತಿಂಗಳು ದುಡ್ಡು ತಗೊಂಡು ತಿಂತಾರಂತೆ, ಮಗ ಅನ್ನ ಹಾಕಲಿಲ್ಲ ಅಂತ ಜನ ಆಡ್ಕೊಳ್ಳಲ್ವಾ?' ಅಂದ. ಅವನಿಗೆ ನೋವಾದದ್ದು ಮನೆ ಹೋಗುತ್ತೆ ಅನ್ನುವುದಕ್ಕಿಂತ ಹೆಚ್ಚಾಗಿ ಈ ಮಾತಿಗೆ. ಅವನ ತಾಯಿ ಹೇಳಿದ್ದು ಇಷ್ಟೇ: 'ನೀನು ಅನ್ನ ಹಾಕ್ತೀಯ ಕಣಪ್ಪಾ, ಅದರಲ್ಲಿ ಅನುಮಾನ ಇಲ್ಲ. ಹಾಕಿದ್ದನ್ನ ಉಣ್ಣೋದು ಬೇರೆ, ಕೇಳಿ ಉಣ್ಣೋದು ಬೇರೆ. ಕೇಳೋ ಸ್ಥಿತಿ ನಮಗೆ ಬರಬಾರದು, ಇಲ್ಲ ಅನ್ನೋ ಸ್ಥಿತಿ ನಿನಗೂ ಬರಬಾರದು.'

ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಿತ್ತು. ಹೊರಡುವ ದಿನ ಬೆಳಗ್ಗೆ ಮಗನೇ ಆ ಕಾಗದ ತೆಗೆದು ನೋಡಿ, 'ಅಪ್ಪಾ, ಈಗಲೇ ಶುರು ಮಾಡಿದರೆ ಅಮ್ಮನಿಗೆ 79 ಆಗೋ ಹೊತ್ತಿಗೆ ತಿಂಗಳ ಹಣ ನಿಂತುಹೋಗುತ್ತಲ್ಲ. ಆಮೇಲೇ ಅಲ್ವಾ ಖರ್ಚು ಜಾಸ್ತಿ?' ಅಂದ. ನಮ್ಮ ಕಣ್ಣಿಗೆ ಬೀಳದ ವಿಷಯ ಅವನ ಕಣ್ಣಿಗೆ ಬಿತ್ತು. ಈಗ ನಾವು ನಿಶ್ಚಯಿಸಿರುವುದು ಹೀಗೆ. ಠೇವಣಿ, ಸಣ್ಣಪುಟ್ಟ ಆದಾಯದಲ್ಲಿ ಇನ್ನೂ ಕೆಲವು ವರ್ಷ ನಡೆಸುವುದು. ಎಪ್ಪತ್ತರ ಮೇಲೆ ಬೇಕೆನಿಸಿದರೆ ಮಾತ್ರ ಈ ಸಾಲಕ್ಕೆ ಕೈ ಹಾಕುವುದು. ಅಷ್ಟರಲ್ಲಿ ಪತ್ರಗಳನ್ನೆಲ್ಲ ಸರಿಮಾಡಿ ಇಡುವುದು. ಮನೆ ನಮ್ಮ ಹೆಸರಲ್ಲೇ ಇದೆ. ಮಗನೂ ನಮ್ಮವನಾಗಿಯೇ ಇದ್ದಾನೆ.

ನಮ್ಮೂರಿನ ಮನೆಗಳಿಗೆ?

ಇಲ್ಲಿ ಕೂತಿರುವ ಬಹಳ ಜನ ಮನಸ್ಸಿನಲ್ಲಿ ಕೇಳುತ್ತಿರಬಹುದು, ನಮ್ಮ ಹಳ್ಳಿಮನೆಗೆ ಸಿಗುತ್ತದೆಯೇ ಎಂದು. ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಊರೊಳಗಿನ ಎಷ್ಟೋ ಮನೆಗಳು ಪಿತ್ರಾರ್ಜಿತ, ಅಣ್ಣತಮ್ಮಂದಿರ ನಡುವೆ ಪಾಲಾಗಿಲ್ಲ, ಅಕ್ಕತಂಗಿಯರ ಹಕ್ಕೂ ಅದರಲ್ಲಿದೆ. ಮಣ್ಣಿನ ಗೋಡೆಯ ಹಳೆಯ ಮನೆಗಳಿಗೆ ಇಪ್ಪತ್ತು ವರ್ಷದ ಬಾಳಿಕೆ ಒಪ್ಪುವುದು ಕಷ್ಟ. ಸುಲಭವಾಗಿ ಮಾರಾಟವಾಗುವ ಕಡೆ ಇರುವ ಮನೆಯನ್ನೇ ಬ್ಯಾಂಕು ಇಷ್ಟಪಡುತ್ತದೆ. ಹಾಗಾಗಿ ಇದು ಸದ್ಯಕ್ಕೆ ಪೇಟೆಯಲ್ಲಿ ಸ್ವಂತ ಮನೆ ಮಾಡಿಕೊಂಡವರಿಗೆ ಹೆಚ್ಚು ಅನ್ವಯ. ನಮ್ಮ ಸಂಘದ ಸದಸ್ಯರಲ್ಲೇ ಅಂಥವರು ಅನೇಕರಿದ್ದಾರೆ.

ಉಳಿದವರಿಗೂ ಇದರಿಂದ ಮೂರು ಪಾಠ ಇದೆ.

ಮೊದಲನೆಯದು, ಕಾಗದ ಪತ್ರ. 2013ರಿಂದ ಗ್ರಾಮ ಪಂಚಾಯಿತಿಗಳಲ್ಲಿ ಇ-ಸ್ವತ್ತು ಬಂದಿದೆ, ನಮೂನೆ 9 ಮತ್ತು 11 ಪಡೆಯಬಹುದು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾ ಮನೆಗಳನ್ನು ಅಳತೆ ಮಾಡಿ ಆಸ್ತಿ ಕಾರ್ಡು ಕೊಡುತ್ತಾರೆ. ತಮ್ಮ ಮನೆಯ ಕಾಗದ ಯಾರ ಹೆಸರಲ್ಲಿದೆ? ತೀರಿಕೊಂಡ ತಾತನ ಹೆಸರಲ್ಲೇ ಇದ್ದರೆ, ಪೌತಿ ಖಾತೆಗೆ ಈ ವಾರವೇ ಅರ್ಜಿ ಹಾಕಿ. ಚೊಕ್ಕ ಕಾಗದ ಇಲ್ಲದ ಮನೆ, ಬೀಗದ ಕೈ ಕಳೆದ ಪೆಟ್ಟಿಗೆಯ ಹಾಗೆ.

ಎರಡನೆಯದು, ದಾನಪತ್ರಕ್ಕೂ ಉಯಿಲಿಗೂ ಇರುವ ವ್ಯತ್ಯಾಸ. ದಾನಪತ್ರ ನೋಂದಣಿಯಾದರೆ ಮನೆ ಅವತ್ತೇ ನಮ್ಮದಲ್ಲ. ಉಯಿಲು ಜಾರಿಗೆ ಬರುವುದು ನಮ್ಮ ಕಾಲಾನಂತರ, ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಮಕ್ಕಳಿಗೆ ಕೊಡುವ ಮನಸ್ಸಿದ್ದರೆ ಉಯಿಲು ಬರೆಯಿರಿ. ದಾನಪತ್ರವೇ ಮಾಡಬೇಕಾಗಿ ಬಂದರೆ, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕುರಿತ 2007ರ ಕಾಯ್ದೆಯಂತೆ, ಅಂಥ ಷರತ್ತಿದ್ದು ಮಕ್ಕಳು ನೋಡಿಕೊಳ್ಳದಿದ್ದರೆ ಪತ್ರವನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ನಾವು ಕಂಡ ಹಿರಿಯರೊಬ್ಬರು, ಬೇರೆ ಊರಿನವರು, ಷರತ್ತಿಲ್ಲದೆ ಬರೆದುಕೊಟ್ಟು, ತಾವೇ ಕಟ್ಟಿಸಿದ ಮನೆಯ ಜಗಲಿಯ ಮೇಲೆ ಕೊನೆಗಾಲ ಕಳೆದರು. ಒಳಗೆ ಕೋಣೆ ಖಾಲಿ ಇತ್ತು. ಆ ಜಗಲಿ ನಮಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮೂರನೆಯದು, ಮಕ್ಕಳೊಂದಿಗೆ ಕೂತು ಮಾತಾಡುವುದು. ಮನೆಯ ಮೇಲೆ ಯಾವುದೇ ಕರಾರು ಮಾಡುವ ಮುಂಚೆ ಎಲ್ಲ ಮಕ್ಕಳನ್ನೂ, ಹೆಣ್ಣುಮಕ್ಕಳನ್ನೂ ಸೇರಿಸಿ, ಲೆಕ್ಕವನ್ನು ಬಿಚ್ಚಿಡಿ. ಅಪ್ಪಣೆ ಕೇಳಲಿಕ್ಕಲ್ಲ, ತಿಳಿಸಲಿಕ್ಕೆ. ನಮ್ಮ ಕಾಲಾನಂತರ ಬ್ಯಾಂಕಿನ ನೋಟೀಸು ಬಂದಾಗ ಅವರಿಗೆ ಅದು ಮೊದಲ ಸುದ್ದಿ ಆಗಬಾರದು. ತೀರುವಳಿಗೆ ಸಿಗುವ ಕಾಲ ಬಹಳ ಕಡಿಮೆ, ಮಾರ್ಗಸೂಚಿಯಲ್ಲಿ ಹೇಳಿರುವುದು ಎರಡು ತಿಂಗಳವರೆಗೆ. ಮೊದಲೇ ಗೊತ್ತಿದ್ದರೆ ಮನೆ ಬಿಡಿಸಿಕೊಳ್ಳಬೇಕೋ ಬಿಡಬೇಕೋ ಎಂದು ಮಕ್ಕಳು ಸಮಾಧಾನವಾಗಿ ಯೋಚಿಸಬಹುದು. ಸಾಲ ಪಡೆದ ವಿಚಾರವನ್ನು ನಮೂದಿಸಿ ನೋಂದಾಯಿತ ಉಯಿಲು ಬರೆದುಕೊಡಲು ಬ್ಯಾಂಕೂ ಕೇಳಬಹುದು.

ಕೊನೆಯ ಮಾತು

ಅಧ್ಯಕ್ಷರಲ್ಲಿ ನಮ್ಮದೊಂದು ವಿನಂತಿ. ಇಂಥ ಸಾಲ ಕೊಡುವುದು ನಮ್ಮ ಸಂಘದ ಶಕ್ತಿಗೆ ಮೀರಿದ್ದು, ಹದಿನೈದು ಇಪ್ಪತ್ತು ವರ್ಷ ಹಣ ವಾಪಸು ಬಾರದೆ ಕಾಯಲು ದೊಡ್ಡ ಬ್ಯಾಂಕುಗಳಿಗೇ ಕಷ್ಟ. ಆದರೆ ವರ್ಷಕ್ಕೊಂದು ದಿನ ವಕೀಲರೊಬ್ಬರನ್ನೂ, ಪಂಚಾಯಿತಿಯವರನ್ನೂ ಸಂಘದ ಕಚೇರಿಗೆ ಕರೆಸಿ, ಅರವತ್ತು ದಾಟಿದ ಸದಸ್ಯರ ಮನೆ ಕಾಗದಗಳನ್ನು ನೋಡಿ ತಿಳಿಸುವ ವ್ಯವಸ್ಥೆ ಮಾಡಿದರೆ, ಬೆಳ್ಳಿಹಬ್ಬದ ನೆನಪಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಸಾಲ ಕೊಟ್ಟು ಕಾಪಾಡುವುದು ಹೇಗೆ ಸಹಕಾರವೋ, ತಿಳಿಯದೆ ಸಹಿ ಹಾಕದಂತೆ ಕಾಪಾಡುವುದೂ ಸಹಕಾರವೇ.

ಹಿರಿಯರಲ್ಲಿಯೂ ಒಂದು ಮಾತು. ನಾವು ಮನೆ ಕಟ್ಟಿದ್ದು ಮಕ್ಕಳಿಗಾಗಿ ಅಂತ ಯಾವಾಗಲೂ ಹೇಳುತ್ತೇವೆ. ನಿಜ. ಆದರೆ ನಮಗಾಗಿಯೂ ಕಟ್ಟಿದ್ದು. ಆ ಕಣಜದಿಂದ ನಮ್ಮ ಮುಪ್ಪಿಗೆ ಒಂದು ಸೇರು ತೆಗೆದುಕೊಂಡರೆ ಮಕ್ಕಳಿಗೆ ಮೋಸ ಮಾಡಿದಂತಲ್ಲ. ತೆಗೆಯುವಾಗ ಅಳೆದು ತೆಗೆಯಿರಿ, ಹೇಳಿ ತೆಗೆಯಿರಿ, ಬಾಗಿಲ ಬೀಗದ ಕೈ ಮಾತ್ರ ಬದುಕಿರುವ ತನಕ ನಿಮ್ಮ ಸೊಂಟದಲ್ಲೇ ಇರಲಿ.

 ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ.